ಹನ್ನೆರಡನೆಯ ಟ್ಯೂಬು

ಗೋಕಾಕದ ಆ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಲ್ಯಾಬಿಗೆ ಹೋಗಬೇಕಾದರೆ ಮೊದಲು ನೇಮಣ್ಣನ ಕುಕ್ಕರನ್ನು ದಾಟಬೇಕಿತ್ತು. ಅನ್ನ ಬೇಯಿಸುವ ಕುಕ್ಕರಲ್ಲ. ಸೊಂಟದೆತ್ತರದ, ಮುಚ್ಚಳಕ್ಕೆ ನಾಲ್ಕು ತಿರುಪುಗಳಿದ್ದ ಉಗಿಯ ಹಂಡೆ. ಪ್ರಯೋಗ ಮುಗಿದ ಬ್ಯಾಕ್ಟೀರಿಯಾಗಳನ್ನು ಅದರಲ್ಲಿಟ್ಟು ಕೊಲ್ಲುವುದು ಇಪ್ಪತ್ತೇಳು ವರ್ಷಗಳಿಂದ ಅವನ ಕೆಲಸ. ಈ ಕೆಲಸಕ್ಕೆ ಸಿಕ್ಕವನಾದರೂ ಎಂಥವನು? ಮಮದಾಪುರದ ಜೈನರ ಮನೆಯವನು, ಬಟ್ಟೆಯಲ್ಲಿ ಸೋಸದ ನೀರು ಕುಡಿಯದವನು, ಇರುವೆ ಸಾಲು ಕಂಡರೆ ಸೈಕಲ್ಲಿನಿಂದ ಇಳಿದು ನಡೆಯುವವನು. ಹೊಟ್ಟೆಪಾಡಿಗೆ ಇಂಥ ತಮಾಷೆಗಳು ಬಹಳ ಇಷ್ಟ. ಮುಚ್ಚಳ ಹಾಕುವ ಮುನ್ನ ನೇಮಣ್ಣ ಹಂಡೆಯೊಳಕ್ಕೆ ಬಗ್ಗಿ, "ಕ್ಷಮಾ ಮಾಡ್ರಿ" ಎನ್ನುತ್ತಿದ್ದ. ಮೂಕ ಜೀವಗಳು, ಅವಕ್ಕೇನು ತಿಳಿಯುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದ.

೨೦೦೬ರ ಮಳೆಗಾಲ ಮುಗಿಯುವ ಹೊತ್ತಿಗೆ ಮಾಯಾ ಮೇಡಂ ಆ ಸಮಾಧಾನಕ್ಕೂ ಕಲ್ಲು ಹಾಕಿದಳು. ಮಾಯಾ ಮೂಡಲಗಿಯ ಕುರಿಗಾರ ಸಿದ್ರಾಯನ ಮಗಳು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಧಾರವಾಡದಲ್ಲಿ ಪಿಎಚ್.ಡಿ.ಗೆ ಸೇರಿ ಮೂರು ವರ್ಷವಾಗಿತ್ತು. ಅಲ್ಲಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ತಂದಿದ್ದಳು. ಮನುಷ್ಯರು ಜೀನ್ ಬದಲಿಸಿದ ಜೀವಿಗಳಾದ್ದರಿಂದ ಕೊಟ್ಟವರು ಷರತ್ತು ಹಾಕಿದ್ದರು: ಒಂದು ಹನಿಯೂ ಲ್ಯಾಬಿನ ಹೊರಗೆ ಹೋಗಬಾರದು, ಪ್ರತಿ ಟ್ಯೂಬೂ ಕುಕ್ಕರಿನಲ್ಲೇ ಮುಗಿಯಬೇಕು. ತಪ್ಪಿದರೆ ಅವಳ ಸಂಶೋಧನೆ ಅಲ್ಲಿಗೇ ನಿಂತಂತೆ.

"ಕಾಕಾ, ಇವು ಮಾತಾಡತಾವು," ಎಂದಳು ಒಂದು ಮಧ್ಯಾಹ್ನ.

ನೇಮಣ್ಣ ನಕ್ಕ. "ಕನ್ನಡಾನೋ ಮರಾಠಿನೋ, ಮೇಡಂ?"

"ಚೇಷ್ಟಿ ಅಲ್ಲರಿ. ಸಮುದ್ರದಾಗಿನ ಒಂದು ಬ್ಯಾಕ್ಟೀರಿಯಾಕ್ಕ ಈ ವಿದ್ಯಾ ಐತಿ. ಅದರ ಜೀನ್ ತಗದು ಇವಕ್ಕ ಹಾಕ್ಯಾರ. ಒಂದು ಜಾತಿ ಕರೀತೈತಿ, ಇನ್ನೊಂದು ಕೇಳತೈತಿ. ಬಾಯಿಲೆ ಅಲ್ಲ, ಒಂದು ನಮೂನಿ ರಸ ಬಿಡತಾವು. ನಾಕೇ ನಾಕು ಇದ್ರ ಆ ರಸ ನೀರಾಗ ಕಳದು ಹೋಗತೈತಿ, ಯಾರಿಗೂ ಮುಟ್ಟಂಗಿಲ್ಲ. ಮಂದಿ ಕೂಡಿದಂಗ ರಸ ಗಟ್ಟಿ ಆಗತೈತಿ. ಆಗ ಕೇಳೋವೆಲ್ಲಾ ನೇರಳೆ ದೀಪದಾಗ ಬೆಳಗತಾವು. ನಮ್ಮಪ್ಪನ ಹಿಂಡಿನಾಗ ಒಂದು ಕುರಿ ಒದರಿದ್ರ ಯಾವುದೂ ತಲಿ ಎತ್ತಂಗಿಲ್ಲ. ಹಿಂಡಿಗೆ ಹಿಂಡೇ ಒದರಿದ್ರ?"

"ಊರ ಮಂದಿ ಸುದ್ದಾ ಏಳತಾರು."

ಮಾಯಾ ಕಿಟಕಿಯ ಪರದೆ ಎಳೆದು ನೇರಳೆ ದೀಪ ಹಚ್ಚಿದಳು. ಎರಡೂ ಜಾತಿಯ ಒಂದೊಂದು ಹನಿಯನ್ನಷ್ಟೇ ಹೊಸ ನೀರಿಗೆ ಬಿಟ್ಟಿದ್ದ ಟ್ಯೂಬು ಕಪ್ಪಗೇ ಇತ್ತು. ಎರಡು ದಿನದಿಂದ ಬೆಳೆದ ಟ್ಯೂಬು ಮಾತ್ರ ಎಳೆ ಜೋಳದ ಗರಿಯಂತೆ ಹಸಿರಾಗಿ ಬೆಳಗಿತು. ನೇಮಣ್ಣ ಬಾಯಿ ತೆರೆದು ನಿಂತುಬಿಟ್ಟ. ಇಪ್ಪತ್ತೇಳು ವರ್ಷ ತಾನು ಬಗ್ಗಿ ಮಾತಾಡಿದ್ದು ಕಿವುಡರೊಡನೆ ಅಲ್ಲವೇನೋ ಅನ್ನಿಸಿತು.

ಆಮೇಲಿನ ದಿನಗಳು ನಿದ್ದೆಯೋ ಎಚ್ಚರವೋ ತಿಳಿಯದಂತೆ ಸಾಗಿದವು. ಸೈಕಲ್ ತುಳಿಯುವಾಗ ಅಕ್ಕಪಕ್ಕದ ಕಬ್ಬಿನ ಗರಿಗಳು ಏನೋ ಹೇಳಿಕೊಂಡಂತೆ ಕೇಳುತ್ತಿತ್ತು. ಕೊಡದಲ್ಲಿ ನೀರು ಸೋಸುವಾಗ ಬಟ್ಟೆಯಲ್ಲಿ ಗುಜುಗುಜು. ಮೊಸರಿನ ಗಡಿಗೆ ತೆರೆದರೆ, ಇವೂ ರಾತ್ರಿಯೆಲ್ಲ ಕರೆದು ಕರೆದು ಕೂಡಿದವೇ ಇರಬೇಕು ಎಂದು ಕೈ ಹಿಂಜರಿಯುತ್ತಿತ್ತು. ಕಣ್ಣು ಮುಚ್ಚಿದರೆ ಹಸಿರು ಬೆಳಕು.

ತಾಯಿ ಸೀತಾಬಾಯಿ ಮೇಲಿಂದ ಮೇಲೆ ನೆನಪಾದಳು. ಅವಳ ತವರು ಹತ್ತರಗಿ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಯ ನೀರಿಗೆ ಮರಳಿಸುವುದು ಅವರ ಮನೆತನದ ಪದ್ಧತಿ. ಒಮ್ಮೆ ಹತ್ತರಗಿಯಿಂದ ಹೊರಟಾಗ ಆ ಒದ್ದೆ ಬಟ್ಟೆ ತಂಬಿಗೆಯಲ್ಲೇ ಉಳಿದದ್ದು ಅರ್ಧ ದಾರಿಯಲ್ಲಿ ಗೊತ್ತಾಗಿತ್ತು. ತಾಯಿ ಗಾಡಿ ನಿಲ್ಲಿಸಿ, ಬಿಸಿಲಿನಲ್ಲಿ ಒಬ್ಬಳೇ ಹಿಂದಿರುಗಿ ನಡೆದು, ಬಾವಿಯಲ್ಲಿ ಬಟ್ಟೆ ಜಾಲಿಸಿ ಬಂದಿದ್ದಳು.

ಶುಕ್ರವಾರ ಮಾಯಾ ಹನ್ನೆರಡು ಟ್ಯೂಬು ಎಣಿಸಿ ಬುಟ್ಟಿಯಲ್ಲಿಟ್ಟು, "ಕಾಕಾ, ಇವು ಮುಗದವು, ಕುಕ್ಕರಿಗೆ ಹಾಕಿಬಿಡ್ರಿ" ಎಂದು ಪಾಠಕ್ಕೆ ಹೋದಳು. ನೇಮಣ್ಣ ಹನ್ನೊಂದನ್ನು ಹಂಡೆಯಲ್ಲಿಟ್ಟ. ಹನ್ನೆರಡನೆಯದು ಅಂಗಿಯ ಜೇಬಿಗೆ ಸೇರಿತು. ಉಳಿದವನ್ನು ಉಳಿಸಲಾರೆ, ಇದೊಂದನ್ನಾದರೂ ನೀರಿಗೆ ಮುಟ್ಟಿಸಿ ಬರುತ್ತೇನೆ ಎಂದುಕೊಂಡು ಸೈಕಲ್ ಹತ್ತಿದ. ಹಂಡೆಗೆ ಇನ್ನೂ ಉರಿ ಹಚ್ಚಿರಲಿಲ್ಲ.

ಘಟಪ್ರಭೆ ಮಳೆನೀರು ಕುಡಿದು ಕೆಂಪಗೆ, ಅಗಲವಾಗಿ ಹರಿಯುತ್ತಿದ್ದಳು. ಇಳಿಬಿಸಿಲು ನೀರಿನ ಮೇಲೆ ತೂಕಡಿಸುತ್ತಿತ್ತು. ನೇಮಣ್ಣ ಮೊಣಕಾಲುದ್ದ ನೀರಿಗಿಳಿದು ಟ್ಯೂಬಿನ ಹತ್ತಿಯ ಬೂಚಿಗೆ ಕೈ ಇಟ್ಟ. ಇಟ್ಟ ಕೈ ಅಲ್ಲೇ ನಿಂತಿತು. ಇವುಗಳ ನೀರು ಯಾವುದು? ಮಾತು ಸಮುದ್ರದ್ದು, ಮೈ ಇನ್ನಾವುದರದೋ, ಹುಟ್ಟಿದ್ದು ಗಾಜಿನಲ್ಲಿ. ಇವಕ್ಕೆ ಬಾವಿಯೂ ಇಲ್ಲ, ಹೊಳೆಯೂ ಇಲ್ಲ. ಆಗ ಅವತ್ತು ಬೆಳಗದೆ ಉಳಿದ ಆ ಕಪ್ಪು ಟ್ಯೂಬು ಕಣ್ಣಿಗೆ ಕಟ್ಟಿತು. ಈ ಮಹಾ ನೀರಿನಲ್ಲಿ ಒಂದೊಂದೂ ಒಂದೊಂದು ಕಡೆ ತೇಲಿಹೋಗಿ, ಕರೆಯುತ್ತಲೇ ಇರುತ್ತದೆ. ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅವ್ವ ಜೀವವನ್ನು ಬಳಗಕ್ಕೆ ಮುಟ್ಟಿಸಿದಳು, ನಾನು ಬಳಗ ಒಡೆಯಲು ಬಂದೆ ಎಂದು ನೇಮಣ್ಣನಿಗೆ ಅಳು ಬಂತು. ಮಾಯಾಳ ಮುಖ ನೆನಪಾಗಿ ನಾಚಿಕೆಯೂ ಆಯಿತು. ಒದ್ದೆ ಧೋತರದಲ್ಲೇ ತಿರುಗಿ ಸೈಕಲ್ ತುಳಿದ.

ಮಾಯಾ ಹಂಡೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಮತ್ತೆ ಮತ್ತೆ ಎಣಿಸಿದರೂ ಒಳಗೆ ಹನ್ನೊಂದೇ ಇದ್ದವು. ನೇಮಣ್ಣ ಟ್ಯೂಬನ್ನು ಅವಳ ಕೈಗಿಟ್ಟ.

"ನಾನ ಒಯ್ದಿದ್ನಿರಿ. ಹೊಳಿಗೆ ಬಿಡಾಕ. ಬೂಚು ಬಿಚ್ಚಿಲ್ಲ."

ಅವಳು ಬೂಚನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಣಗಿತ್ತು. "ನನ್ನ ಮೂರು ವರ್ಷ ನಿಮ್ಮ ಕಿಸೆದಾಗ ಇತ್ತು, ಕಾಕಾ" ಎಂದಳು.

"ಖರೆ. ತಪ್ಪಾತು."

"ಯಾಕ ಬಿಡಲಿಲ್ಲ?"

"ಒಂದೊಂದೇ ಆಗತಾವಲ್ರಿ."

ಮಾಯಾ ತಲೆ ಬಗ್ಗಿಸಿದಳು. "ನಮ್ಮಪ್ಪ ಸಂತಿಗೆ ಒಂದ ಮರಿ ಎಂದೂ ಒಯ್ಯಂಗಿಲ್ಲ. ಒಂಟಿ ಮರಿ ದಾರಿ ತುಂಬಾ ಒದರತೈತಿ ಅಂತಾನ," ಎಂದು ಟ್ಯೂಬನ್ನು ಅವನಿಗೇ ಮರಳಿಸಿದಳು.

ನೇಮಣ್ಣ ಅದನ್ನು ಉಳಿದ ಹನ್ನೊಂದರ ನಡುವೆ ಜಾಗ ಮಾಡಿ ಇಟ್ಟ. ಅವನು ಕೇಳದಿದ್ದರೂ ಮಾಯಾ ನೇರಳೆ ದೀಪ ತಂದು ಹಂಡೆಯೊಳಗೆ ಹಿಡಿದಳು. ತಳದಲ್ಲಿ ಹನ್ನೆರಡೂ ಹಸಿರಾಗಿ ಬೆಳಗಿದವು. ನೇಮಣ್ಣ ಬಗ್ಗಿ ಎಂದಿನಂತೆ ಕ್ಷಮೆ ಕೇಳಿದ. ಈ ಸಲ ಉತ್ತರಕ್ಕೆ ಕಾಯುವವನಂತೆ ಒಂದಿಷ್ಟು ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಮುಚ್ಚಳ ಎತ್ತಿ ಹಾಕಿದ. ನಾಲ್ಕು ತಿರುಪುಗಳಲ್ಲಿ ಎರಡನ್ನು ಮಾಯಾ ಬಿಗಿದಳು.