ಅತ್ತೆಯ ಐದು ಕಲ್ಲು

ನನ್ನ ಅತ್ತೆ ಅನ್ನಪೂರ್ಣವ್ವನ ಮೇಲೆ ನಾನು ಸಿಡುಕದ ದಿನವೇ ಇರಲಿಲ್ಲ. ಗದಗಿನ ಹತ್ತಿರದ ಹಳ್ಳಿಯಿಂದ 2010ರಲ್ಲಿ ಸಿಡ್ನಿಯ ಬಡಾವಣೆ ದಿ ಪಾಂಡ್ಸ್‌ನ ನಮ್ಮ ಮನೆಗೆ ಬಂದವರು, ಮೂರೇ ದಿನಕ್ಕೆ ಗ್ಯಾರೇಜಿನಲ್ಲಿ ಕೂತು ರೊಟ್ಟಿ ಬಡಿಯಲು ಶುರು ಮಾಡಿದರು. ಆ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಮೈಸೂರಿನ ನನಗೋ, ನಾಲ್ಕು ಜನರ ಕಣ್ಣಿಗೆ ಬೀಳುವುದೆಂದರೆ ಆಗದು. ಅತ್ತೆಗೆ ಅದರ ಗೊಡವೆಯೇ ಇಲ್ಲ. ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡಿಯೇ ಕೊಳ್ಳುತ್ತಿದ್ದರು. ಅಂಗಡಿಯವನು ಗುರಾಯಿಸಿದರೆ ನನಗೆ ನಾಚಿಕೆ, ಅವರಿಗಲ್ಲ.

2014ರ ಜನವರಿ ಒಂದು, ಎಳ್ಳಮಾವಾಸ್ಯೆ. ರಜೆಗೆಂದು ಮೆಲ್ಬರ್ನ್ ಕಡೆ ಹೊರಟಿದ್ದ ನಾವು, ದಾರಿಯಲ್ಲಿ ಮರ್ರಿ ನದಿ ದಾಟಿ ಆಚೆ ದಂಡೆಯ ರಾಷ್ಟ್ರೀಯ ಉದ್ಯಾನವೊಂದರಲ್ಲಿ ಟೆಂಟ್ ಹಾಕಿದ್ದೆವು. ಅತ್ತೆಯ ಊರಲ್ಲಿ ಆ ದಿನ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆಂದು ಚೆಲ್ಲುತ್ತಾರೆ. ಅದೇ ಚರಗ. ಸಿಡ್ನಿಯಲ್ಲಿ ಹೊಲ ಎಲ್ಲಿಂದ ತರುವುದು? ಬಯಲು ಕಂಡದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿ ನಿಂತರು.

“ಅತ್ತೆ, ಇದು ನ್ಯಾಷನಲ್ ಪಾರ್ಕು. ಊಟ ಚೆಲ್ಲಿದ್ರೆ ಫೈನ್ ಹಾಕ್ತಾರೆ.”

“ಹಾಕ್ಲಿ ಬಿಡವಾ. ಮೊದ್ಲ ಇಲ್ಲಿ ಗಡಿ ಎಲ್ಲೈತಿ ಕೇಳು.”

ಪೂಜೆಗೆ ಕೂತ ನೆಲದ ಗಡಿ ದಾಟಿ ಒಂದು ಅಗುಳೂ ಬೀಳಬಾರದು ಎಂಬುದು ಅವರ ಮನೆತನದ ಕಟ್ಟು. ನನ್ನ ಮಗಳು ಆದ್ಯಾ ನಾಚಿಕೊಳ್ಳುತ್ತಲೇ ಹೋಗಿ ರೇಂಜರ್‌ನನ್ನು ಕೇಳಿದಳು. ಆತ ನಕ್ಕು, ದಂಡೆಯ ಅಂಚಿನಲ್ಲಿ ಬೂಟಿನಿಂದ ಗೆರೆ ಎಳೆದ. ಮೇಲಿನದು ವಿಕ್ಟೋರಿಯಾ ರಾಜ್ಯ. ಗೆರೆಯಿಂದ ಕೆಳಗಿನ ಇಳಿಜಾರು, ನೀರು, ಎಲ್ಲ ನಮ್ಮ ಸಿಡ್ನಿಯ ರಾಜ್ಯ ನ್ಯೂ ಸೌತ್ ವೇಲ್ಸ್. ಅತ್ತೆ ಗೆರೆಯಿಂದ ಮೇಲಕ್ಕೆ ಒಂದು ಮಾರು ಬಿಟ್ಟು ಐದು ಕಲ್ಲಿಟ್ಟು ಸುಣ್ಣ ಹಚ್ಚಿದರು. ನನ್ನ ಗಂಡ ಗೋಪೀನಾಥ ಪಾತ್ರೆ ಹಿಡಿದು ಕಲ್ಲುಗಳ ಸುತ್ತ ಚರಗ ಚೆಲ್ಲತೊಡಗಿದ. ನಾನು ಮುಖ ಊದಿಸಿಕೊಂಡು ಆದ್ಯಾಳೊಂದಿಗೆ ಟೆಂಟಿನೊಳಗೆ ಹೋದೆ.

ಅಷ್ಟರಲ್ಲಿ ದೋಣಿಯ ಟ್ರೇಲರ್ ಕಟ್ಟಿದ ಗಾಡಿಯೊಂದು ನದಿಯತ್ತ ರಿವರ್ಸ್ ಬಂದಿತ್ತು. ಕುಡಿದಿದ್ದ ಡ್ರೈವರ್ ಹಿಂದೆ ನೋಡಿರಲಿಲ್ಲ. ಟ್ರೇಲರ್ ಗೋಪಿಗೆ ಬಡಿದು, ಅವನನ್ನು ನೀರಿನವರೆಗೂ ಎಳೆದೊಯ್ದಿತು. ಕಣ್ಣಾರೆ ಕಂಡವರು ಅತ್ತೆ ಒಬ್ಬರೇ. ಗೋಪಿ ಎಡಗಾಲನ್ನು ಮಂಡಿಯ ಕೆಳಗೆ ಕಳೆದುಕೊಂಡ. ಆ ದಿನದ್ದು ಅವನಿಗೆ ಒಂದೂ ನೆನಪಿಲ್ಲ.

ಅವನು ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಪೊಲೀಸರು ನನ್ನನ್ನು ಕೇಳಿದರು. ಅಯ್ಯೋ, ನನ್ನ ನಾಲಿಗೆಗೆ ಏನು ಬಂದಿತ್ತೋ! ಚರಗದ ಮಾತೆತ್ತಿದರೆ ದಂಡ, ಮೇಲೆ ನಗೆಪಾಟಲು. “ನೀರಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದ” ಎಂದುಬಿಟ್ಟೆ. ಸಹಿಯನ್ನೂ ಹಾಕಿದೆ. ಇಂಗ್ಲಿಷ್ ಬಾರದ ಅತ್ತೆಯನ್ನು ಅಂದು ಯಾರೂ ಕೇಳಲಿಲ್ಲ.

ಮರುವರ್ಷ ಮೆಲ್ಬರ್ನ್‌ನ ಕೋರ್ಟಿನಲ್ಲಿ ಆ ಒಂದು ಸಾಲು ನಮ್ಮ ಕುತ್ತಿಗೆಗೇ ಬಂತು. ಡ್ರೈವರ್‌ನ ವಕೀಲ ವಾದಿಸಿದ್ದು ಇಷ್ಟೇ: ಪೆಟ್ಟು ಬಿದ್ದದ್ದು ನೀರಿನ ಬಳಿ, ಅದು ನ್ಯೂ ಸೌತ್ ವೇಲ್ಸ್ ನೆಲ, ಹಾಗಾಗಿ ವಿಕ್ಟೋರಿಯಾದ ಕೋರ್ಟಿಗೆ ಈ ಕೇಸು ನಡೆಸುವ ಅಧಿಕಾರವೇ ಇಲ್ಲ. ಜಡ್ಜ್ ಒಪ್ಪಿದರೆ ಕೇಸು ಬಿದ್ದಂತೆ. ಆಚೆ ರಾಜ್ಯದಲ್ಲಿ ಮತ್ತೆ ಮೊದಲಿನಿಂದ ಹೂಡಬೇಕು, ಹೂಡುತ್ತಾರೆಂಬ ಖಾತ್ರಿಯೂ ಇಲ್ಲ. ಗೋಪಿಯ ಕಾಲು ತೆಗೆದವನು ನಾಲ್ಕು ಹೆಜ್ಜೆ ಇಳಿಜಾರಿನ ನೆಪದಲ್ಲಿ ಮನೆಗೆ ಹೋಗುವವನಿದ್ದ. ನಾನು ಸರ್ಕಾರಿ ವಕೀಲೆಯ ಮುಂದೆ ಅತ್ತು ನಿಜ ಹೇಳಿದೆ. ಈಗ ಬದಲಿಸಿದ ಮಾತಿಗೆ ಬೆಲೆ ಕಡಿಮೆ ಎಂದರು ಆಕೆ. ಉಳಿದವರು ಅತ್ತೆ.

ಸಾಕ್ಷಿಕಟ್ಟೆಯಲ್ಲಿ ಅತ್ತೆಯ ಪಕ್ಕದಲ್ಲಿ ದುಭಾಷಿ ಗರ್ಟ್ರೂಡ್, ಮಂಗಳೂರಿನವರು. “ಚರಗ ಅಂದ್ರೆ ಎಂತದು ಅಮ್ಮಾ?” ಎಂದು ಅವರೇ ಮೊದಲು ಕೇಳಿ ತಿಳಿದುಕೊಳ್ಳಬೇಕಾಯಿತು.

“ನಿಮ್ಮ ಮಗ ನೀರಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದರು, ಅಲ್ಲವೇ?” ಎಂದ ವಕೀಲ.

“ನನ್ನ ಮಗಾ? ಪಾತ್ರೀನಾ? ಹುಟ್ಟಿದಾಗಿಂದ ಒಂದು ಲೋಟ ತೊಳದಾಂವಲ್ಲ ಅಂವ!”

ಗರ್ಟ್ರೂಡ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಇಡೀ ಕೋರ್ಟು ನಕ್ಕಿತು. ಆಮೇಲೆ ಪೊಲೀಸರು ಅಂದೇ ತೆಗೆದ ಫೋಟೋ ಬಂತು: ದಂಡೆಯ ಅಂಚಿನ ಗೆರೆ, ಅದರ ಮೇಲೆ ಐದು ಕಲ್ಲು. ಯಾರೋ ಒಲೆ ಹೂಡಿದ ಕಲ್ಲುಗಳೆಂದು ಅವರು ಬರೆದುಕೊಂಡಿದ್ದರು. ಅತ್ತೆ ಅದನ್ನು ಕಂಡು ಕೈ ಮುಗಿದರು.

“ಇವು ನನ್ನ ಪಾಂಡವರ್ರೀ. ಸುತ್ತ ಚರಗ ಬಿದ್ದೈತಿ ನೋಡ್ರಿ. ಇಲ್ಲಿ ಪಾತ್ರಿ ಬೋರಲ ಬಿದ್ದೈತಿ. ಇಲ್ಲೇ ಹೊಡದಾನ. ಗಡಿ ಕೆಳಗ ಒಂದರ ಅಗಳ ಐತೇನು?”

ಇರಲಿಲ್ಲ. ವಕೀಲ ನನ್ನತ್ತ ಕೈ ತೋರಿಸಿದ. “ಹಾಗಾದರೆ ನಿಮ್ಮ ಸೊಸೆ ಸುಳ್ಳು ಹೇಳಿದರೇ?”

ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷದ ಸಿಡುಕನ್ನೆಲ್ಲ ತೀರಿಸಿಕೊಳ್ಳಲು ಅವರಿಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

“ಅಂಜಿ ಹೇಳ್ಯಾಳ್ರೀ. ಅನ್ನ ಚೆಲ್ಲಬ್ಯಾಡ್ರಿ ಅಂತ ಬಡಕೊಂಡ್ಳು, ನಾನ ಕೇಳ್ಲಿಲ್ಲ. ದಂಡ ಹಾಕೋದಿದ್ರ ನನಗ ಹಾಕ್ರಿ. ಆಕಿಗೆ ಏನೂ ಅನಬ್ಯಾಡ್ರಿ. ನನ್ನ ಮಗನ್ನ ವರ್ಷಪೂರ್ತಿ ಎತ್ತಿ ಕುಂದ್ರಿಸಿದಾಕಿ ಆಕಿ.”

ಘಟನೆ ನಡೆದದ್ದು ವಿಕ್ಟೋರಿಯಾದಲ್ಲೇ ಎಂದು ಜಡ್ಜ್ ಹೇಳಿದರು. ವಿಚಾರಣೆ ಅಲ್ಲಿಯೇ ನಡೆಯಿತು, ಡ್ರೈವರ್‌ಗೆ ಶಿಕ್ಷೆಯಾಯಿತು. ದಂಡದ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಎಳ್ಳಮಾವಾಸ್ಯೆಗೆ ನಮ್ಮ ಹಿತ್ತಲಿನ ಬೇಲಿಯ ಪಕ್ಕ ಐದು ಕಲ್ಲುಗಳನ್ನು ನಾನೇ ಇಟ್ಟೆ. ಗೋಪಿ ಕೃತಕ ಕಾಲಿನ ಮೇಲೆ ನಿಂತು ನೋಡುತ್ತಿದ್ದ.

“ಅತ್ತೆ, ಕೇಸ್ ಒಂದೇ ಅಲ್ಲ, ಅವತ್ತು ನನ್ನನ್ನೂ ಉಳಿಸಿದ್ರಿ. ನಿಮ್ಮ ಋಣ ನಾನು ತೀರಿಸೋಕಾಗಲ್ಲ,” ಎಂದೆ.

“ಸಾಕ ಸುಮ್ಮನಿರು. ಹಿಡಿ,” ಎಂದು ಪಾತ್ರೆಯನ್ನು ನನ್ನ ಕೈಗಿಟ್ಟರು.

ಚೆಲ್ಲಲು ಶುರು ಮಾಡಿದ್ದೆನಷ್ಟೇ, ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ನಾನು ಬೇಲಿಯ ಬಳಿ ಹೋಗಿ, ಇದು ಚರಗ, ಭೂಮಿತಾಯಿಗೆ ಊಟ ಎಂದು ಮೊದಲಿನಿಂದ ಎಲ್ಲ ಹೇಳತೊಡಗಿದೆ.

“ಮಾತಿನ ಭರದಾಗ ಆಕಿ ಹಿತ್ತಲಕ್ಕ ಚೆಲ್ಲೀಯವಾ,” ಎಂದು ಅತ್ತೆ ಹಿಂದಿನಿಂದ ಕೂಗಿದರು. “ಗಡಿ ನೋಡು!”