ಇನ್ನೂರ ಹದಿನಾಲ್ಕನೇ ಗಾಜು

ಒಗ್ವಾಲ್ ಡಾಕ್ಟರಿಕೆ ಓದಿದವರಲ್ಲ. ನಮ್ಮ ಲಾಂಗೊ ಸೀಮೆಯ ಸಣ್ಣ ಆಸ್ಪತ್ರೆಯಲ್ಲಿ ಜ್ವರದವರ ರಕ್ತವನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಹುಡುಕುತ್ತಿದ್ದರು. ಮೂವತ್ತೊಂದು ವರ್ಷ ಅದೇ ಸ್ಟೂಲು, ಅದೇ ಕಿಟಕಿ. ಊರೆಲ್ಲ 'ಡಾಕ್ಟ್ರೇ' ಎನ್ನುತ್ತಿತ್ತು. ಅವರೂ ಬೇಡ ಎಂದವರಲ್ಲ. ಜಂಭದ ಮನುಷ್ಯ. ಆದರೆ ಒಂದು ಗಾಜಿನಲ್ಲಿ ನೂರು ಜಾಗ ನೋಡದೆ 'ಇಲ್ಲ' ಎಂದು ಬರೆದವರೂ ಅಲ್ಲ. ನಾನು ಅಲ್ಲಿ ಕಸ ಗುಡಿಸುವ ಅಚೆಂಗ್. ಆ ಕೆಲಸ ಕೊಡಿಸಿದವರೂ ಅವರೇ.

ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಗೊತ್ತಿದ್ದದ್ದು ನನಗೊಬ್ಬಳಿಗೆ. ಗಾಜಿನ ಅಂಚಿನಲ್ಲಿ ಗೀಚಿದ ನಂಬರು ಕಾಣದೆ ಅವರು ತಡಕಾಡಿದರೆ, ನಾನು ಪೊರಕೆ ಹಿಡಿದೇ ಹತ್ತಿರ ಹೋಗಿ ಪಿಸುಗುಟ್ಟುತ್ತಿದ್ದೆ.

"ನೂರಾ ತೊಂಬತ್ತು, ಡಾಕ್ಟ್ರೇ. ಕಣ್ಣು ಮನೇಲಿಟ್ಟು ಬಂದ್ರಾ?"

"ಬಾಯ್ಮುಚ್ಚೇ! ಗೊತ್ತಾದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

"ಹೇಳಲ್ಲ ಬಿಡಿ. ನೀವು ಹೋದ್ರೆ ಇಲ್ಲಿ ನೋಡೋರ್ಯಾರು?"

ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಬಾಯಿಗೆ ಮಣ್ಣು ಬೀಳ!

ಮಳೆ ಶುರುವಾದಾಗ ನನ್ನ ಆರು ವರ್ಷದ ಮಗಳು ಅಕುಲ್ಲೊಗೆ ಜ್ವರ ಬಂತು. ಒಗ್ವಾಲ್ ನೂರು ಜಾಗವನ್ನೂ ನೋಡಿದರು. "ಮಲೇರಿಯಾ ಇಲ್ಲ ಕಣಮ್ಮಾ, ಧೈರ್ಯವಾಗಿರು" ಎಂದರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಮೂರನೇ ದಿನ ಮಗು ಹೋಯಿತು. ದೇವರು ಕೊಟ್ಟ, ದೇವರೇ ಕಿತ್ತುಕೊಂಡ ಎಂದು ಎದೆ ಬಡಿದುಕೊಂಡೆ. ಎರಡು ವಾರಕ್ಕೆ ಮತ್ತೆ ಪೊರಕೆ ಹಿಡಿದೆ.

ಎರಡು ತಿಂಗಳಾದ ಮೇಲೆ ಜಿಲ್ಲೆಯಿಂದ ಕ್ಯಾಮೆರಾ ಇರುವ ಸೂಕ್ಷ್ಮದರ್ಶಕ ಬಂತು, ಜೊತೆಗೊಂದು ಕಂಪ್ಯೂಟರ್. ಇನ್ನು ಎಲ್ಲವೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ ಎಂದು ಒಗ್ವಾಲ್ ಮಗುವಿನ ಹಾಗೆ ಕುಣಿದರು. ತಾವೇ ವೈರು ಚುಚ್ಚಿದರು. ಪರದೆಯಲ್ಲಿ ಬಂದದ್ದು ಅವರದೇ ಮೂಗು! ಕಂಪ್ಯೂಟರ್ ತನ್ನ ಹಣೆಯ ಕ್ಯಾಮೆರಾವನ್ನೇ ಹಿಡಿದುಕೊಂಡಿತ್ತು.

"ಅಬ್ಬಾ, ಇದೇನ್ ಡಾಕ್ಟ್ರೇ, ಇಷ್ಟು ದೊಡ್ಡ ರೋಗಾಣು!" ಎಂದಳು ನರ್ಸ್ ಅಮೊಂಗಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳು ಹೋದ ಮೇಲೆ ನಾನು ನಕ್ಕದ್ದು ಅಂದೇ ಮೊದಲು.

ಅಮೊಂಗಿ ಪರದೆಯ ಮೇಲಿನ ಪಟ್ಟಿಯಲ್ಲಿ ಎರಡನೇ ಕ್ಯಾಮೆರಾ ಒತ್ತಿದಳು. ಪರೀಕ್ಷೆಗೆಂದು ಒಗ್ವಾಲ್ ಹಳೇ ಗಾಜುಗಳ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ್ದೊಂದನ್ನು ಇಟ್ಟು, ಎಣ್ಣೆಯ ಹನಿ ಬಿಟ್ಟು, ತಿರುಪು ತಿರುಗಿಸಿದರು. ಮಬ್ಬು ಸರಿಯಿತು. ತಿಳಿಗುಲಾಬಿ ಕಣಗಳು, ಅವುಗಳೊಳಗೆ ಸಣ್ಣ ನೇರಳೆ ಉಂಗುರಗಳು.

"ಅಯ್ಯೋ, ಮಲೇರಿಯಾ ರೋಗಾಣು ತುಂಬ್ಕೊಂಡಿದಾವಲ್ಲ! ಪಾಪ, ಯಾರ್ದಿದು? ನಂಬರೆಷ್ಟು?" ಎಂದಳು ಅಮೊಂಗಿ.

ಅಭ್ಯಾಸಬಲ, ನಾನೇ ಬಗ್ಗಿ ಓದಿದೆ. "ಇನ್ನೂರಾ ಹದಿನಾಲ್ಕು."

ಅಮೊಂಗಿ ದಾಖಲೆ ಪುಸ್ತಕ ತೆರೆದು, ಹೆಸರಿನ ಮೇಲೆ ಬೆರಳಿಟ್ಟು ನನ್ನತ್ತ ತಿರುಗಿದಳು. ಅವಳು ಹೇಳಬೇಕಿರಲಿಲ್ಲ. ಅಕುಲ್ಲೊಳ ರಕ್ತ ನೋಡಿದ ದಿನ ಒಗ್ವಾಲರ ಕಿವಿಯಲ್ಲಿ ಆ ನಂಬರು ಪಿಸುಗುಟ್ಟಿದವಳು ನಾನೇ. ಅದರ ಮುಂದೆ ಅವರು 'ಇಲ್ಲ' ಎಂದು ಬರೆದಿದ್ದರು.

ಒಗ್ವಾಲ್ ವೈರು ಕೀಳಲು ಕೈ ಹಾಕಿದರು. "ನೋಡ್ಬೇಡ ಅಚೆಂಗ್. ನಾನೇ ಕೊಂದೆ ಕಣೇ, ನಾನೇ ಕೊಂದೆ."

"ಹೂಂ. ನಾವಿಬ್ರೂ ಸೇರಿ ಕೊಂದ್ವಿ. ಕೈ ತೆಗೀರಿ."

ಅವರು ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನು ಸಮಾಧಾನ ಹೇಳಲಿಲ್ಲ. ನನಗೂ ಯಾರೂ ಹೇಳುವುದು ಬೇಡವಾಗಿತ್ತು. ಸಂಜೆಯೊಳಗೆ ಅವರೇ ಜಿಲ್ಲೆಗೆ ಫೋನ್ ಮಾಡಿ ತಮ್ಮ ಕಣ್ಣಿನ ವಿಷಯವನ್ನೆಲ್ಲ ಹೇಳಿದರು. ನನ್ನ ಹೆಸರು ಮಾತ್ರ ಎತ್ತಲಿಲ್ಲ. ಮತ್ತೆ ಆ ಸ್ಟೂಲಿನ ಮೇಲೆ ಅವರು ಕೂರಲಿಲ್ಲ.

ಬಾಗಿಲು ಹಾಕುವ ಹೊತ್ತಾದರೂ ನಾನು ಪರದೆಯ ಮುಂದಿನಿಂದ ಕದಲಿರಲಿಲ್ಲ. ಅಮೊಂಗಿ ಬಂದು ಭುಜ ಮುಟ್ಟಿದಳು.

"ಆರಿಸ್ಲೇನಕ್ಕಾ?"

"ಇನ್ನೊಂದ್ ಗಳಿಗೆ ಇರ್ಲಿ ಕಣೇ. ಅವಳದೊಂದು ಫೋಟೊನೂ ತೆಗೆಸಿರ್ಲಿಲ್ಲ."