ದೊಣೆಯ ಕಪ್ಪೆಗಳು

ನಾನು ಶಾಲೆ ಬಿಟ್ಟದ್ದು 1997ರಲ್ಲಿ, ಏಳನೇ ತರಗತಿ ಪಾಸಾದ ಮೇಲೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಯಲಹಂಕದ ಸುತ್ತಮುತ್ತ ಬಾವಿ ತೋಡುವ, ಹೂಳೆತ್ತುವ ಕೆಲಸ ಮಾಡುತ್ತಿದ್ದ. ಅಪ್ಪ ಒಳಗಿಳಿದಾಗ ಮೇಲೆ ಹಗ್ಗ ಹಿಡಿಯಲು ನಂಬಿಕೆಯ ಕೈ ಬೇಕಿತ್ತು. ಆಮೇಲೆ ಬಾವಿಗಳು ಬತ್ತಿದವು, ಅವುಗಳ ಮೇಲೆ ಅಪಾರ್ಟ್‌ಮೆಂಟುಗಳೆದ್ದವು. ನಾನು ಅದೇ ಅಪಾರ್ಟ್‌ಮೆಂಟುಗಳ ಸಂಪು, ಟ್ಯಾಂಕು ತೊಳೆಯುವ ಕೆಲಸ ಹಿಡಿದೆ. ಸಂಪುಗಳಲ್ಲಿ ನಾನು ಕಂಡದ್ದನ್ನೆಲ್ಲ ಬರೆದರೆ ನೀವು ಊಟ ಬಿಡುತ್ತೀರಿ. ಇಲಿ, ಪಾರಿವಾಳ, ಒಂದು ಸಲ ಕೊಳೆತ ಬೆಕ್ಕು. ಅದೇ ನೀರಿನಲ್ಲಿ ಇಡೀ ಕಟ್ಟಡ ಹಲ್ಲುಜ್ಜುತ್ತಿತ್ತು. ಹೀಗಾಗಿ ನನಗೆ ಅಸಹ್ಯ ಹೊಸದಲ್ಲ. ಆದರೂ ನಮ್ಮ ಬೆಟ್ಟದ ಮೇಲಾದದ್ದು ಇನ್ನೂ ಗಂಟಲಿನಿಂದ ಇಳಿದಿಲ್ಲ.

ಬೆಟ್ಟ ದೊಡ್ಡಬಳ್ಳಾಪುರದ ಕಡೆಗಿದೆ. ಹೆಸರು ಬರೆಯುವುದಿಲ್ಲ, ಬರೆದರೆ ಇನ್ನೂ ಹತ್ತು ಬೈಕು ಬರುತ್ತವೆ. ನಾನು ಹುಡುಗನಾಗಿದ್ದಾಗ ಕೆಲಸವಿಲ್ಲದ ಭಾನುವಾರ ಅಪ್ಪ ನಮ್ಮನ್ನೆಲ್ಲ ಬೆಳಗಿನ ಪ್ಯಾಸೆಂಜರ್ ರೈಲಿಗೆ ಹತ್ತಿಸುತ್ತಿದ್ದ. ವಾರವೆಲ್ಲ ನೆಲದೊಳಗೆ ಇರುವ ಮನುಷ್ಯನಿಗೆ ವಾರಕ್ಕೊಮ್ಮೆ ಎತ್ತರ ಬೇಕಾಗಿತ್ತೇನೋ. ಅವನು ಮುಂದೆ, ಹೆಗಲ ಮೇಲೆ ಬಾವಿಯ ಹಗ್ಗ. ಹಿಂದೆ ಅಕ್ಕ, ನಾನು. ಕೊನೆಯಲ್ಲಿ ಅಮ್ಮ, ತಲೆಯ ಮೇಲೆ ಮುದ್ದೆ ಮತ್ತು ಹುಚ್ಚೆಳ್ಳು ಚಟ್ನಿಯ ಗಂಟು. ಕಡಿದಾದ ಬಂಡೆ ಬಂದರೆ ಅಪ್ಪ ಮೇಲೆ ಹೋಗಿ ಹಗ್ಗ ಬಿಡುತ್ತಿದ್ದ. ಅಮ್ಮ ಹಗ್ಗ ಮುಟ್ಟದೆ, ಗಂಟಿಗೂ ಕೈ ಕೊಡದೆ ಬರಿಗಾಲಲ್ಲಿ ಸರಸರ ಹತ್ತಿ ಬಂದು, "ಬಾವಿಂದ ಎತ್ತೋ ಅಂಗ್ ನನ್ನ ಎಳೀಬ್ಯಾಡ" ಅನ್ನುತ್ತಿದ್ದಳು. ಒಂದು ಸಲ ಅಕ್ಕನಿಗೆ ಹೆಜ್ಜೇನು ಕಚ್ಚಿ ಕಣ್ಣು ಮುಚ್ಚಿಹೋಯಿತು. ಇನ್ನೊಂದು ಸಲ ಬಂಡೆಯ ಮೇಲೆ ಜಾರಿ ನನ್ನ ಚಡ್ಡಿಯ ಹಿಂಭಾಗ ಪೂರ್ತಿ ಹೋಯಿತು. ರೈಲಿನಲ್ಲಿ ಟವೆಲ್ ಸುತ್ತಿಕೊಂಡು ನಿಂತೇ ಬಂದೆ.

ಬೆಟ್ಟದ ನೆತ್ತಿಯಲ್ಲಿ ಒಂದು ದೊಣೆ. ಬಂಡೆಯಲ್ಲಿ ತಾನಾಗಿ ಬಿದ್ದ ಆಳದ ಕುಳಿ, ಒಳಗೆ ವರ್ಷವಿಡೀ ಮಳೆಯ ನೀರು. ಯುಗಾದಿ ಕಳೆದ ಮೊದಲ ಭಾನುವಾರ, ನೀರು ಮೊಣಕಾಲಿಗೆ ಇಳಿದಾಗ, ಅದರ ಹೂಳು ತೆಗೆಯುವುದು ನಮ್ಮ ಮನೆಯ ಕ್ರಮ. ಯಾರೂ ಕೂಲಿ ಕೊಡುತ್ತಿರಲಿಲ್ಲ, ಯಾರೂ ಕೇಳಿಕೊಂಡೂ ಇರಲಿಲ್ಲ. ಅಜ್ಜ ಮಾಡುತ್ತಿದ್ದ, ಅಪ್ಪ ಮಾಡುತ್ತಿದ್ದ. ಹೂಳಿಗೆ ಕೈ ಹಾಕುವ ಮೊದಲು ಒಳಗಿನ ಕಪ್ಪೆಗಳನ್ನು ಹಿಡಿದು, ಎಣಿಸಿ, ನೀರಿರುವ ಮಡಕೆಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಬೇಕು. ಕೆಲಸ ಮುಗಿದ ಮೇಲೆ ಎಣಿಸಿ ಬಿಡಬೇಕು. ಚಿಕ್ಕವನೆಂದು ಆ ಕೆಲಸ ನನಗೆ ಬಿದ್ದಿತ್ತು.

ಕಪ್ಪೆ ಕಂಡರೆ ನನಗೆ ಮೈ ಮುಳ್ಳಾಗುತ್ತಿತ್ತು. ಆ ಲೋಳೆ, ಬೆರಳ ಸಂದಿಯಲ್ಲಿ ಒದೆಯುವ ಆ ತಣ್ಣನೆಯ ಕಾಲು. ಹಿಡಿದಾಗ ಅಂಗೈಯಲ್ಲೇ ಉಚ್ಚೆ ಹೊಯ್ಯುತ್ತಿದ್ದವು. ಅದಕ್ಕಿಂತ ಅಸಹ್ಯವೆಂದರೆ ಅದೇ ನೀರನ್ನು ಅಪ್ಪ ತೆಂಗಿನ ಚಿಪ್ಪಿನಲ್ಲಿ ಮೊಗೆದು ನಮಗೆ ಕೊಡುತ್ತಿದ್ದದ್ದು.

"ಯಾಕ್ಲಾ ಇಂಗ್ ಮೂತಿ ಮಾಡ್ತೀಯ? ಕುಡಿ."

"ಕಪ್ಪೆ ಐತಲ್ಲಪ್ಪ ಅದ್ರಾಗೆ!"

"ಇರಾದ್ಕೇ ಕುಡಿ ಅಂತಿರಾದು. ಕಪ್ಪೆ ಇಲ್ದಿರೋ ನೀರ್ನ ನಾನ್ ಮುಟ್ಟಾಕಿಲ್ಲ."

ಮೂಗು ಹಿಡಿದು ಕುಡಿಯುತ್ತಿದ್ದೆ. ರುಚಿ ಚೆನ್ನಾಗಿಯೇ ಇರುತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ.

ಅಮ್ಮ ತೀರಿಹೋಗಿ, ಅಪ್ಪನ ಮಂಡಿ ಕೆಟ್ಟ ಮೇಲೆ ಈ ಕೆಲಸ ನನ್ನದೂ ಅಕ್ಕನದೂ ಆಯಿತು. ಅಕ್ಕ ಆರ್.ಟಿ. ನಗರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ನಾವು ಇಳಿದು ಬಂದಾಗ ಅಪ್ಪ ಕೇಳುವುದು ಒಂದೇ ಮಾತು: "ಎಷ್ಟಿದ್ವು?" ನಾನು ಸಂಖ್ಯೆ ಹೇಳಬೇಕು. ಅವನಿಗೆ ಅದು ಬಾವಿಯ ಆಳ ಕೇಳಿದ ಹಾಗೆ.

ಈ ವರ್ಷ ಹೋದಾಗ ದೊಣೆಯಲ್ಲಿ ಮೂವರು ಹುಡುಗರು ಸೋಪು ಹಚ್ಚಿಕೊಂಡು ನಿಂತಿದ್ದರು. ದಡದಲ್ಲಿ ಬಿರಿಯಾನಿ ಡಬ್ಬಿ, ಒಡೆದ ಬಾಟಲಿ, ಮಡಿಸಿಟ್ಟ ಮಗುವಿನ ಡೈಪರ್. ಬಂಡೆಯ ಸಂದಿಯಲ್ಲಿ ಯಾರೋ ಕೂತು ಎದ್ದುಹೋಗಿದ್ದ ಗುರುತು.

"ಮೇಲಕ್ಕೆ ಬನ್ರಪ್ಪ, ಅದು ಕುಡಿಯೋ ನೀರು" ಅಂದೆ.

ಒಬ್ಬ ನಕ್ಕ. "ಇದನ್ನಾ? ಅಂಕಲ್, ಕಪ್ಪೆ ಸೂಪಾ? ಯಾಕ್ ಗುರು, ಬೆಟ್ಟ ನಿಮ್ಮಪ್ಪಂದಾ?"

"ಬೆಟ್ಟ ಅಲ್ಲ. ದೊಣೆ ನಮ್ಮಪ್ಪ ತೊಳೆದಿದ್ದು."

ನನ್ನ ಕೈಯಲ್ಲಿದ್ದ ಸಲಿಕೆ ನೋಡಿಯೋ ಏನೋ, ಹೋದರು. ಕಪ್ಪೆ ಹಿಡಿದೆವು. ನಲವತ್ತೊಂದು. ಮಡಕೆಗೆ ಹಾಕಿದೆವು. ಕಸ ನಾಲ್ಕು ಗೋಣಿಚೀಲ ತುಂಬಿತು. ಹೂಳು ತೆಗೆದರೂ ಉಳಿದ ನೀರಿನ ಮೇಲೆ ಎಣ್ಣೆಯಂಥ ಪೊರೆ, ಮೂಗಿಗೆ ಸೋಪಿನ ವಾಸನೆ. ನನಗೆ ವಾಂತಿ ಬಂತು. ಬಂಡೆಯ ಆ ಕಡೆ ಹೋಗಿ ಕಾರಿಕೊಂಡೆ. ಬೇರೆಯವರ ಸಂಪಿನಲ್ಲಿ ಎಂದೂ ನನಗೆ ಹಾಗಾಗಿರಲಿಲ್ಲ.

ಬ್ಯಾಗಿನಲ್ಲಿ ಬ್ಲೀಚಿಂಗ್ ಪೌಡರ್ ಇತ್ತು. ಕೆಲಸದ ಬ್ಯಾಗು, ಯಾವಾಗಲೂ ಇರುತ್ತದೆ. ಯಾವ ಸಂಪಿಗೆ ಎಷ್ಟು ಎನ್ನುವುದು ನನ್ನ ಕೈಗೆ ಗೊತ್ತು. ಆವತ್ತು ಸಿಟ್ಟಿಗೆ ಅದರ ಎರಡರಷ್ಟು ಸುರಿದು ಕೋಲಿನಿಂದ ಕದಡಿದೆ.

ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಲೋ, ನಂಗೇ ಕಣ್ಣುರೀತಾ ಐತಲ್ಲೋ. ಕಪ್ಪೆಗಳ ಗತಿ?"

"ಗಂಟೆ ಬಿಟ್ರೆ ಪೌಡರ್ ಘಾಟೆಲ್ಲ ಹಾರೋಗುತ್ತೆ ಬಿಡಕ್ಕ. ನಿಂಗ್ ಬ್ಲೌಸ್ ಗೊತ್ತು, ನಂಗ್ ನೀರ್ ಗೊತ್ತು."

"ಅಪ್ಪ ಯಾವತ್ತೂ ಹಾಕಿರ್ಲಿಲ್ಲಪ್ಪ ಇದನ್ನ."

"ಅಪ್ಪನ ಕಾಲ್ದಲ್ಲಿ ಇಂಥ ಜನ ಇರ್ಲಿಲ್ಲ."

ಗಂಟೆ ಕಾದೆವು. ಪೊರೆ ಹೋಯಿತು, ವಾಸನೆ ಹೋಯಿತು. ನಲವತ್ತೊಂದನ್ನೂ ಎಣಿಸಿ ಬಿಟ್ಟೆ. ಈಜಿಕೊಂಡು ಹೋದವು. ಮನೆಗೆ ಬಂದು ಅಪ್ಪನಿಗೆ ಸಂಖ್ಯೆ ಹೇಳಿದೆ. ಅವನು ಖುಷಿಯಿಂದ ಇನ್ನೊಂದು ಲೋಟ ಕಾಫಿ ಕೇಳಿದ.

ಮುಂದಿನ ಭಾನುವಾರ ನಾನೊಬ್ಬನೇ ಹತ್ತಿದೆ. ನೋಡಿ ಬರುವ ಹೆಮ್ಮೆ, ಬೇರೇನೂ ಕೆಲಸವಿರಲಿಲ್ಲ. ದೊಣೆಯ ನೀರು ಅಷ್ಟು ತಿಳಿಯಾಗಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಳದ ಬಂಡೆಯ ಗೆರೆ ಗೆರೆ ಕಾಣುತ್ತಿತ್ತು. ಮೇಲೆ ಕಪ್ಪೆಗಳು ಬೆಳ್ಳಗೆ ಊದಿಕೊಂಡು, ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು. ನಾತ ಸಂಪಿನ ನಾತವೇ. ಸೋಪಿನ ಹುಡುಗರು ಬಂದು ಹೋದರೂ ಬದುಕಿದ್ದವು ಅವು. ಸತ್ತದ್ದು ನಾನು ತೊಳೆದದ್ದರಿಂದ.

ಒಂದೊಂದನ್ನೇ ಎತ್ತಿ ಬಂಡೆಯ ಮೇಲಿಟ್ಟು ಎಣಿಸಿದೆ. ಮೂವತ್ತೆಂಟು. ಮೂರನ್ನು ಕಾಗೆ ಒಯ್ದಿರಬೇಕು. ಕೈ ತೊಳೆಯಲು ಆ ನೀರನ್ನು ಮುಟ್ಟಲಾಗದೆ ಮಣ್ಣಿಗೆ ಉಜ್ಜಿಕೊಂಡೆ.

ಸುಳ್ಳು ಹೇಳಬಹುದಿತ್ತು. ಅಪ್ಪ ಇನ್ನು ಬೆಟ್ಟ ಹತ್ತುವುದಿಲ್ಲ. ಆದರೆ ನನ್ನ ಕೈಯ ವಾಸನೆ ಅವನಿಗೆ ಮೊದಲೇ ತಲುಪಿತ್ತು.

"ಎಷ್ಟಿದ್ವು?"

"ಒಂದೂ ಇಲ್ಲ ಅಪ್ಪ. ಪೌಡರ್ ಹಾಕ್ದೆ ನಾನು."

ಅಪ್ಪ ಬಯ್ಯಲಿಲ್ಲ. ಮಂಡಿ ಉಜ್ಜಿಕೊಂಡ.

"ಕೆರೆಯಿಂದ ಹಿಡ್ಕೊಂಡ್ ಬಂದು ಬಿಡ್ತೀನಿ" ಅಂದೆ.

"ತಂದ್ ಬಿಡೋ ವಸ್ತುನೇನ್ಲಾ ಅದು? ಮಳೆ ಬಂದು ನೀರ್ ತೊಳ್ಕಂಡ್ ಓಗ್ಲಿ. ಅವೇ ಬಂದ್ರೆ ಬರ್ಲಿ. ಅಲ್ಲೀಗಂಟ ಓಗಿ ನೋಡ್ಕಂಡ್ ಬಂದು ನಂಗ್ ಏಳು."

ಮುಂಗಾರು ಬಂತು. ದೊಣೆ ಎರಡು ಸಲ ತುಂಬಿ ಹರಿಯಿತು. ಪ್ರತಿ ಭಾನುವಾರ ಹತ್ತುತ್ತೇನೆ, ಬೇರೆಯವರ ಡಬ್ಬಿ, ಬಾಟಲಿ ಹೆಕ್ಕುತ್ತೇನೆ. ಅವರನ್ನು ಬಯ್ಯಲು ಮೊದಲಿನಷ್ಟು ಬಾಯಿ ಬರುತ್ತಿಲ್ಲ. ದಡದಲ್ಲಿ ಕೂತು ನೀರು ನೋಡಿ, ಇಳಿದು ಬಂದು ಅಪ್ಪನಿಗೆ ಹೇಳುತ್ತೇನೆ.

ಇವತ್ತಿಗೆ ನನ್ನ ಹತ್ತಿರ ಇರುವುದು: ಕೆಸರೆತ್ತುವ ಪಂಪು ಎರಡು, ಗೂಡ್ಸ್ ಆಟೋ ಒಂದು, ಕೆಲಸದವರು ಐದು ಜನ, ವರ್ಷಕ್ಕೆರಡು ಸಲ ಕರೆಯುವ ಅಪಾರ್ಟ್‌ಮೆಂಟು ಹದಿನೇಳು, ಅಪ್ಪನ ಹಗ್ಗ ಒಂದು, ಮಡಕೆ ಒಂದು. ಕಪ್ಪೆ, ಸೊನ್ನೆ.